ಲೂಪ್ ಸಖತ್ತಾಗಿದೆ, ಟ್ರ್ಯಾಕ್ ಮಾತ್ರ ಮುಗೀತಿಲ್ಲ

ಬೇರೆಯವ್ರು ಅರ್ಧಕ್ಕೆ ಬಿಟ್ಟಿರೋ ಹೌಸ್, ಟೆಕ್ನೋ ಥರದ ಡ್ಯಾನ್ಸ್ ಟ್ರ್ಯಾಕ್‌ಗಳನ್ನ ಮುಗಿಸಿಕೊಡೋದು ನನ್ ಕೆಲಸ. ಬರೋ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಒಂದೇ ಥರ, ಎಂಟು ಬಾರ್‌ನ (ಒಂದು ಬಾರ್ ಅಂದ್ರೆ ನಾಲ್ಕು ಬೀಟ್) ಒಂದು ಲೂಪು, ಅಂದ್ರೆ ಮತ್ತೆ ಮತ್ತೆ ತಿರುಗೋ ತುಣುಕು, ಅದ್ರಲ್ಲಿ ಕಿಕ್ಕು (ದಪ್ಪ ಡ್ರಮ್ಮಿನ ಏಟು), ಹ್ಯಾಟು (ತಾಳದಂಥ ಸದ್ದು), ಕ್ಲ್ಯಾಪು, ಬೇಸು, ಎರಡ್ಮೂರು ಸಿಂತು, ಮೇಲೊಂದು ವೋಕಲ್ ತುಂಡು, ಎಲ್ಲಾ ಒಟ್ಟಿಗೆ ಬಾರಿಸ್ತಿರುತ್ತೆ, ಕೇಳೋಕೂ ಮಜವಾಗಿರುತ್ತೆ. ಆದ್ರೆ 124 ಬಿಪಿಎಮ್‌ನಲ್ಲಿ (ನಿಮಿಷಕ್ಕೆ 124 ಬೀಟ್) ಎಂಟು ಬಾರ್ ಅಂದ್ರೆ ಹದಿನೈದೂವರೆ ಸೆಕೆಂಡ್ ಅಷ್ಟೇ, ಆರು ನಿಮಿಷಕ್ಕೆ 186 ಬಾರ್ ಬೇಕು. ಟ್ರ್ಯಾಕ್ ತಂದವ್ರು "ಸಾರ್, ಇನ್ನೊಂದು ಲೀಡ್ ಹಾಕ್ಲಾ?" ಅಂತಾರೆ, ಅಂದ್ರೆ ಇನ್ನೊಂದು ಮುಖ್ಯ ಟ್ಯೂನು. ಬೇಡಪ್ಪಾ, ಇರೋದೇ ಜಾಸ್ತಿ ಆಗಿದೆ.

ನಾನ್ ಮಾಡೋದು ಇಷ್ಟೇ. ಆ ಲೂಪನ್ನ ಹಾಗೇ ಆರು ನಿಮಿಷಕ್ಕೂ ಕಾಪಿ ಮಾಡಿ ಹರಡಿಬಿಡ್ತೀನಿ, ಆಮೇಲೆ ತೆಗೀತಾ ಬರ್ತೀನಿ. ಮೊದಲ 32 ಬಾರ್‌ನಲ್ಲಿ ಡ್ರಮ್ಸ್ ಬಿಟ್ಟು ಬೇರೇನೂ ಇರಲ್ಲ, ಯಾಕಂದ್ರೆ ಡಿಜೆ ಹಿಂದಿನ ಟ್ರ್ಯಾಕ್ ಜೊತೆ ಮಿಕ್ಸ್ ಮಾಡ್ಬೇಕು, ಆಗ ಎರಡು ಬೇಸ್‌ಲೈನ್ ಒಂದರ ಮೇಲೊಂದು ಬಿದ್ರೆ ಬರೀ ಗೊಜ್ಜು. ವೋಕಲ್ ತುಂಡು ಎಷ್ಟೇ ಚೆನ್ನಾಗಿರ್ಲಿ, ಅರ್ಧ ಟ್ರ್ಯಾಕ್ ಆಗೋವರೆಗೂ ಪೂರ್ತಿ ಕೇಳ್ಸಲ್ಲ, ಬಾಲ ಮಾತ್ರ ಆಗಾಗ ತೋರಿಸ್ತೀನಿ. ಬ್ರೇಕ್‌ಡೌನಲ್ಲಿ, ಅಂದ್ರೆ ನಡುವೆ ಟ್ರ್ಯಾಕ್ ತಣ್ಣಗಾಗೋ ಭಾಗದಲ್ಲಿ, ಕಿಕ್ ತೆಗೆದ್ರೆ ಸಾಕು, ಅದು ವಾಪಸ್ ಬರೋದೇ ಡ್ರಾಪು, ಅದಕ್ಕೆ ಹೊಸ ಸೌಂಡ್ ಹುಡುಕೋ ಅಗತ್ಯ ಇಲ್ಲ. ಪ್ರತಿ ಎಂಟು ಬಾರ್‌ಗೂ ಒಂದು ರೈಸರ್ (ಏರ್ತಾ ಹೋಗೋ ಸದ್ದು) ಹಾಕೋರನ್ನ ಕಂಡ್ರೆ ನಂಗೆ ಸುಸ್ತಾಗುತ್ತೆ.

ಆದ್ರೆ ಕತ್ತರಿ ಹಾಕೋಕ್ ಮುಂಚೆ ಒಂದ್ ಪರೀಕ್ಷೆ ಇದೆ, ಕಿಕ್, ಬೇಸ್, ಹ್ಯಾಟ್ ಮೂರನ್ನೇ ಇಟ್ಕೊಂಡು ಉಳಿದಿದ್ದೆಲ್ಲಾ ಮ್ಯೂಟ್ ಮಾಡಿ ಕೇಳೋದು. ತಲೆ ಆಡ್ಲಿಲ್ವಾ, ಅರೇಂಜ್‌ಮೆಂಟ್ ಮುಟ್ಲೇಬೇಡಿ. ಮೊದ್ಲು ಬೇಸ್ ನೋಟ್‌ಗಳ ಉದ್ದ ನೋಡಿ, ಕಿಕ್ ಬೀಳೋ ಜಾಗದಲ್ಲಿ ಬೇಸ್ ಸ್ವಲ್ಪ ಬಾಯ್ ಮುಚ್ಕೊಂಡಿರ್ಬೇಕು, ಸೈಡ್‌ಚೈನ್ (ಕಿಕ್ ಬಂದಾಗ ಬೇಸನ್ನ ತಾನಾಗೇ ತಗ್ಗಿಸೋದು) ಆಮೇಲಿನ ಮಾತು. ಆಮೇಲೆ ಸ್ವಿಂಗ್, ಅಂದ್ರೆ ಜೋಡಿ ನೋಟ್‌ನಲ್ಲಿ ಎರಡನೇದನ್ನ ಸ್ವಲ್ಪ ತಡ ಮಾಡೋದು. ರೋಜರ್ ಲಿನ್ ತಮ್ಮ ಡ್ರಮ್ ಮಷೀನ್‌ಗಳಲ್ಲಿ ಇಟ್ಟ ಲೆಕ್ಕಾನೇ ಇವತ್ತಿಗೂ ಓಡ್ತಿರೋದು, 1988ರ ಎಂಪಿಸಿ60ಯಲ್ಲೂ ಅದೇ: ಜೋಡಿಯ ಸಮಯದಲ್ಲಿ ಮೊದಲ ನೋಟ್‌ಗೆ ಶೇಕಡಾ 50 ಅಂದ್ರೆ ನೆಟ್ಟಗೆ, 66 ಅಂದ್ರೆ ಹೆಚ್ಚುಕಮ್ಮಿ ಟ್ರಿಪ್ಲೆಟ್ (ಮೂರು ಪಾಲಿನ ಲಯ). ಹೌಸ್‌ಗೆ ನಾನು 54ರಿಂದ 58ರ ಒಳಗೇ ಓಡಾಡ್ತೀನಿ, ಹ್ಯಾಟ್ ಮತ್ತೆ ಶೇಕರ್‌ಗೆ ಮಾತ್ರ. ಇಷ್ಟು ಸರಿಹೋದ್ರೆ ಎಷ್ಟೋ ಸಲ ಸಿಂತ್ ಒಂದನ್ನ ಪೂರ್ತಿ ಕಿತ್ತಾಕ್ಬೋದು, ಯಾರಿಗೂ ಗೊತ್ತಾಗಲ್ಲ, ಹಾಕಿದ ಹುಡುಗನಿಗೆ ಬಿಟ್ರೆ.

ಆಮೇಲೆ ಸಣ್ಣಪುಟ್ಟದ್ದು: ಎಂಟು ಬಾರ್‌ಗೆ ಒಂದು ಓಪನ್ ಹ್ಯಾಟ್, ಇಲ್ಲಾ ಕೊನೇ ಬೀಟಲ್ಲಿ ಕಿಕ್ ಮಾಯ, ಎಲ್ಲೋ ಒಂದ್ಕಡೆ ಕ್ಲ್ಯಾಪ್‌ಗೆ ರಿವರ್ಬ್. ಫಿಲ್ಟರನ್ನ ಮೌಸಲ್ಲಿ ಗೆರೆ ಎಳೆದು ಮಾಡೋದಕ್ಕಿಂತ ನಾಬ್ ತಿರುಗಿಸ್ತಾ ರೆಕಾರ್ಡ್ ಮಾಡ್ಕೊಳ್ಳಿ, ಕೈ ತಡವರಿಸೋದ್ರಲ್ಲೂ ಒಂದು ಜೀವ ಇರುತ್ತೆ.

ಕೊನೇ ಕೇಳೋದು ಸ್ಕ್ರೀನ್ ಮುಂದೆ ಬೇಡ, ಮುಂದಿನ ಬ್ಲಾಕ್ ಕಣ್ಣಿಗೆ ಕಂಡ್ರೆ ಕಿವಿ ಮೋಸ ಹೋಗುತ್ತೆ. ಬೌನ್ಸ್ ಮಾಡಿ (ಟ್ರ್ಯಾಕನ್ನ ಒಂದೇ ಆಡಿಯೋ ಫೈಲ್ ಮಾಡಿ) ಫೋನಿಗೆ ಹಾಕ್ಕೊಂಡು ನಡೀತಾ ಕೇಳಿ, ಬೋರಾದ ನಿಮಿಷ ಬರ್ಕೊಳ್ಳಿ, ಅಷ್ಟನ್ನೇ ಸರಿಮಾಡಿ. ಲೋ ಎಂಡ್ (ತಗ್ಗಿನ ಸದ್ದು) ಮೋನೋ ಇರ್ಲಿ, ಎರಡೂ ಸ್ಪೀಕರಲ್ಲಿ ಒಂದೇ ಥರ. ಸ್ಪಾಟಿಫೈ ಹೇಗೂ ಮಾಮೂಲಿ ಸೆಟ್ಟಿಂಗಲ್ಲಿ -14 ಲಫ್ಸ್ (ಸದ್ದು ಎಷ್ಟು ಜೋರು ಅನ್ನೋ ಅಳತೆ) ಹತ್ರ ಇಳಿಸುತ್ತೆ, ಜೋರಾಗ್ಲಿ ಅಂತ ಲಿಮಿಟರ್ ಹಾಕಿ ಕಿಕ್ಕನ್ನ ಚಪ್ಪಟೆ ಮಾಡಿ ಮಾಸ್ಟರಿಂಗ್‌ಗೆ ಕಳಿಸ್ಬೇಡಿ.