0.82 ಬಿಚ್ಚಿ 0.63 ಹಾಕಿದ ದಿನ

ಹಿಂದಿನ ಸಂಜೆಯೇ ಬಂದು ನಿಂತಿದ್ದ ನಿಸ್ಸಾನ್ ಸಿಲ್ವಿಯಾದ ದೂರು ಒಂದೇ: ಪಿಕಪ್ ಇಲ್ಲ. ಎರಡು ಲೀಟರಿನ ಎಸ್‌ಆರ್20ಡಿಇಟಿ ಎಂಜಿನ್, ಗ್ಯಾರೆಟ್ ಜಿಟಿ3076ಆರ್ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಸಾಧನ), ಅದರಲ್ಲಿ ಹೊಗೆ ತಿರುಗಿಸುವ ಚಕ್ರದ, ಅಂದರೆ ಟರ್ಬೈನಿನ, ಸುತ್ತ 0.82 ಹೌಸಿಂಗ್. 4,500 ಆರ್‌ಪಿಎಂವರೆಗೆ ಗಾಡಿ ಮಲಗಿಯೇ ಇರುತ್ತದೆ, ಆಮೇಲೆ ಒಮ್ಮೆಲೇ ಎದ್ದು ಓಡುತ್ತದೆ. ದಿನಾ ಊರೊಳಗೆ ಓಡಿಸುವ ಕಾರಿಗೆ ಇದು ಹೊಂದುವುದಿಲ್ಲ. ಹಾಗಾಗಿ ಅದನ್ನು ಬಿಚ್ಚಿ ಚಿಕ್ಕದಾದ 0.63 ಹಾಕುವುದೆಂದಾಯಿತು.

ಈ ಟರ್ಬೊಗೆ 0.63, 0.82, 1.06 ಹೌಸಿಂಗ್‌ಗಳಿವೆ. ಬಸವನಹುಳುವಿನ ಚಿಪ್ಪಿನಂಥ ಆ ಎರಕದೊಳಗಿನ ದಾರಿಯ ಅಡ್ಡಛೇದದ ವಿಸ್ತೀರ್ಣವನ್ನು, ಅದರ ನಡುವಿನಿಂದ ಶಾಫ್ಟಿನ ನಡುವಿಗಿರುವ ದೂರದಿಂದ ಭಾಗಿಸಿದರೆ ಬರುವುದೇ ಎ/ಆರ್. ಸಂಖ್ಯೆ ಚಿಕ್ಕದಾದಷ್ಟೂ ಹೊಗೆ ಟರ್ಬೈನಿಗೆ ಜೋರಾಗಿ ಬಡಿದು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಬೇಗ ಬರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅದೇ ದಾರಿ ಇಕ್ಕಟ್ಟಾಗಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಗಾಳಿ ತಳ್ಳುವ ಕಂಪ್ರೆಸರ್ ಕಡೆಯ ಎ/ಆರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ದಂಡ, ಅಲ್ಲಿ ಇಷ್ಟು ವ್ಯತ್ಯಾಸ ಕಾಣುವುದಿಲ್ಲ.

ಪಾನಾ ಹಿಡಿಯುವ ಮೊದಲು, ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ ಅಳೆಯಬೇಕು. ಬಹಳ ಜನ ಬಿಡುವುದು ಇದನ್ನೇ. ಟರ್ಬೊ ಫ್ಲಾಂಜಿನ ಹತ್ತಿರ ಎಗ್ಸಾಸ್ಟ್ ಮ್ಯಾನಿಫೋಲ್ಡಿಗೆ ತೂತು ಕೊರೆದು 1/8 ಇಂಚಿನ ತ್ರೆಡ್ ಮಾಡಿ, ಒಂದು ಮೀಟರ್ ಸ್ಟೀಲ್ ಕೊಳವೆಯನ್ನು ಸುರುಳಿ ಸುತ್ತಿ ಗೇಜಿಗೆ ಜೋಡಿಸಿದ್ದಾಯಿತು. ಸುರುಳಿಯಲ್ಲಿ ಬಿಸಿ ಇಳಿಯದಿದ್ದರೆ ಮುಂದಿನ ರಬ್ಬರ್ ಪೈಪು ಕರಗುತ್ತದೆ. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ನಾಲ್ಕನೇ ಗೇರು, 1.2 ಬಾರ್ ಬೂಸ್ಟ್, 7,000 ಆರ್‌ಪಿಎಂ: ಮ್ಯಾನಿಫೋಲ್ಡಿನಲ್ಲಿ 1.5 ಬಾರ್. ಬೂಸ್ಟಿನ ಒಂದೂಕಾಲು ಪಟ್ಟು, ಅಷ್ಟೇ. ಚಿಕ್ಕ ಹೌಸಿಂಗ್ ಇದನ್ನು ಇನ್ನೂ ಏರಿಸುತ್ತದೆ; ಈಗಲೇ ಎರಡು ಪಟ್ಟಿನ ಹತ್ತಿರ ಇದ್ದಿದ್ದರೆ 0.63ರ ಮಾತೇ ಎತ್ತುವಂತಿರಲಿಲ್ಲ.

ಬೋಲ್ಟುಗಳಿಗೆ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ಹೌಸಿಂಗನ್ನು ನೇರವಾಗಿ ಎಳೆಯಬೇಕು. ಓರೆಯಾಗಿ ಸುತ್ತಿಗೆ ಹೊಡೆದು ಟರ್ಬೈನಿನ ಒಂದು ಎಲೆಯ ತುದಿ ಬಾಗಿದರೂ ಬ್ಯಾಲೆನ್ಸ್ ಹೋಗಿ ಶಾಫ್ಟ್, ಚಕ್ರಗಳಿರುವ ಇಡೀ ಕಾರ್ಟ್ರಿಜ್ ದಂಡ. ಹೊಸದನ್ನು ಕೂರಿಸಿ, ಪೂರ್ತಿ ಬಿಗಿಯುವ ಮೊದಲು ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ, ಎಲ್ಲೂ ಉಜ್ಜಬಾರದು. ಆಯಿಲ್ ಇಳಿಯುವ ಬಾಯಿ ನೆಟ್ಟಗೆ ಕೆಳಮುಖವಾಗಿರಲಿ. 35 ಡಿಗ್ರಿಗಿಂತ ಹೆಚ್ಚು ವಾಲಿದರೆ ಆಯಿಲ್ ಒಳಗೇ ನಿಂತು ಸೀಲು ದಾಟಿ ಸೈಲೆನ್ಸರಿನಲ್ಲಿ ನೀಲಿ ಹೊಗೆ.

ಮೊದಲ ಓಟದಲ್ಲೇ ಪೂರ್ತಿ ಬೂಸ್ಟ್ 3,900ಕ್ಕೆ ಬಂತು. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. 6,000 ದಾಟುತ್ತಿದ್ದಂತೆ ಬೂಸ್ಟ್ 1.2ರಲ್ಲಿ ನಿಲ್ಲದೆ 1.4ಕ್ಕೆ ಏರಿತು. ಚಿಕ್ಕ ಹೌಸಿಂಗಿನಲ್ಲಿ, ಟರ್ಬೈನಿಗೆ ಹೋಗದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಕವಾಟವಾದ ವೇಸ್ಟ್‌ಗೇಟ್ ಹೆಚ್ಚು ಹೊಗೆ ಹೊರಬಿಡಬೇಕು. ಇಲ್ಲಿದ್ದದ್ದು 38 ಎಂಎಂ ಗೇಟು, ಅದರ ಪೈಪನ್ನೂ ಹರಿವಿಗೆ ಅಡ್ಡವಾಗಿ ಬೆಸುಗೆ ಹಾಕಿದ್ದರು. ಹೊಗೆ ಅತ್ತ ತಿರುಗುವುದೇ ಇಲ್ಲ. ಗೇಟು ಪೂರ್ತಿ ತೆರೆದ ಮೇಲೂ ಏರುತ್ತಿರುವುದರಿಂದ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಪೈಪನ್ನು ಕತ್ತರಿಸಿ, ಹರಿವಿನ ದಿಕ್ಕಿಗೇ ವಾಲಿಸಿ ಬೆಸೆದು, 44 ಎಂಎಂ ಗೇಟು ಹಾಕುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಸಂಜೆಯ ಓಟದಲ್ಲಿ ಬೂಸ್ಟ್ 1.2ರಲ್ಲೇ ನಿಂತಿತು. ಮ್ಯಾನಿಫೋಲ್ಡಿನಲ್ಲಿ ಈಗ 2.1 ಬಾರ್, ಒಂದೂಮುಕ್ಕಾಲು ಪಟ್ಟು. ಅಷ್ಟು ಒತ್ತಡಕ್ಕೆ ಸುಟ್ಟ ಗಾಳಿ ಸಿಲಿಂಡರಿನಲ್ಲೇ ಉಳಿದು ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಬಡಿಯುವುದು) ಶುರುವಾಗುತ್ತದೆ. 6,000ದ ಮೇಲೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಎರಡು ಡಿಗ್ರಿ ಹಿಂದಕ್ಕೆ ತರಬೇಕಾಯಿತು. ತುದಿಯಲ್ಲಿ ಪವರ್ ಸ್ವಲ್ಪ ಹೋಯಿತು, ನಡುವೆ ಅದಕ್ಕಿಂತ ಹೆಚ್ಚು ಬಂತು.

ಬಿಚ್ಚಿದ 0.82 ಹೌಸಿಂಗನ್ನು ಒರೆಸಿ ಡಿಕ್ಕಿಯಲ್ಲಿಟ್ಟೆವು. ನಾಳೆ ಎಂಜಿನ್ನನ್ನು ದೊಡ್ಡದು ಮಾಡುವ 2.2 ಲೀಟರಿನ ಸ್ಟ್ರೋಕರ್ ಕಿಟ್ ಹಾಕಿಸಿದರೆ ಮತ್ತೆ ಅದೇ ಬೇಕಾಗುತ್ತದೆ.