ಕಗ್ಗಲಡುವಿನ ಹುಣಸೆಮರದ ಕೆಳಗೆ

ನಿನ್ನೆ ಶಿರಾ ಕಡೆ ಹೋದವನು ಸುಮ್ನೆ ಕಗ್ಗಲಡುವಿನಲ್ಲಿ ಗಾಡಿ ನಿಲ್ಲಿಸಿದೆ. ಊರೊಳಗಿನ ಹುಣಸೆಮರಗಳ ತುಂಬಾ ಬಣ್ಣದ ಕೊಕ್ಕರೆಗಳ ಗೂಡು. ಮಟಮಟ ಮಧ್ಯಾಹ್ನ. ಒಂದು ದೊಡ್ಡ ಹಕ್ಕಿ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ತಾಯಿಯೋ ತಂದೆಯೋ, ಇಬ್ಬರೂ ಕಾಯುತ್ತಾರೆ. ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೂ ಅಲುಗಲಿಲ್ಲ.

ನನಗೆ ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್ ನೆನಪಾಯಿತು. ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. ಕೊರೆಯುವ ಚಳಿಯಲ್ಲಿ ಗಂಡು ಹಕ್ಕಿ ಅದನ್ನು ಪಾದದ ಮೇಲಿಟ್ಟುಕೊಂಡು, ಏನೂ ತಿನ್ನದೆ, ಎರಡು ತಿಂಗಳು ಕಾವು ಕೊಡುತ್ತದೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಮಂಜುಗಡ್ಡೆ ಬೇಗ ಒಡೆದುಹೋಯಿತು. ಮರಿಗಳ ಮೈಮೇಲೆ ಇನ್ನೂ ನೀರು ತಡೆಯದ ತುಪ್ಪಳ. ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಒಂದು ಮರಿಯೂ ಉಳಿದಿರಲಾರದು ಅಂದರು ವಿಜ್ಞಾನಿಗಳು. ಅಷ್ಟು ದಿನ ಹಸಿದು ಕಾದಿದ್ದೆಲ್ಲಾ ನೀರುಪಾಲು. ಓದಿದ ದಿನ ತುಂಬಾ ಸಂಕಟವಾಗಿತ್ತು.

ಜಗುಲಿಯಲ್ಲಿದ್ದ ಅಜ್ಜಿ ಮೆಲ್ಲಗೆ ಅಂದರು: "ಹಾರನ್ ಹೊಡೀಬೇಡಪ್ಪ, ಮರಿ ಬೆದರಿ ಬಿದ್ದುಬಿಡ್ತದೆ."

ಗಾಡಿ ಸ್ಟಾರ್ಟ್ ಮಾಡಲು ಮನಸ್ಸಾಗಲಿಲ್ಲ. ಊರ ಹೊರಗಿನವರೆಗೂ ತಳ್ಳಿಕೊಂಡೇ ಬಂದೆ.