ಐದು ಬಡಿತ, ಆರು ಬಡಿತ

ಅಮ್ಮ ಕೇಳಿದರೆ ಮೂವತ್ತು ಸಾವಿರ ಅನ್ನಬೇಕು ಎಂದು ಮೆಟ್ರೋದಲ್ಲೇ ತೀರ್ಮಾನಿಸಿಕೊಂಡಿದ್ದೆ. ಕೈಯಲ್ಲಿದ್ದ ವಾಚಿಗೆ ಕೊಟ್ಟಿದ್ದು 7 ಲಕ್ಷದ 20 ಸಾವಿರ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಹತ್ತುವ ಮುಂಚೆಯೇ ಶರ್ಟಿನ ತೋಳು ಕೆಳಕ್ಕೆಳೆದು ಗುಂಡಿ ಹಾಕಿದ್ದೆ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸುವ ನೂಕುನುಗ್ಗಲಲ್ಲಿ ಬಲಗೈಯಿಂದ ಎಡಗೈ ಮಣಿಕಟ್ಟು ಹಿಡಿದುಕೊಂಡೇ ನಡೆದೆ. ಕೈ ಮುರಿದಿದೆ ಅಂದುಕೊಂಡನೋ ಏನೋ, ಒಬ್ಬ ಹುಡುಗ ಎದ್ದು ಸೀಟು ಬಿಟ್ಟುಕೊಟ್ಟ. ಅಷ್ಟು ದುಡ್ಡು ಸುರಿದು ತಂದದ್ದನ್ನು ಯಾರಿಗೂ ಕಾಣಿಸದ ಹಾಗೆ ಮುಚ್ಚಿಕೊಂಡು ಹೋಗುತ್ತಿದ್ದೀಯಲ್ಲ, ಯಾಕಪ್ಪಾ ತಗೊಂಡೆ ಎಂದು ಅವನು ಕೇಳಿದ್ದರೆ ಉತ್ತರವಂತೂ ಸಿದ್ಧವಿತ್ತು. ಒಂದಲ್ಲ, ನಾಲ್ಕು. ಎಂಟು ತಿಂಗಳು ಕೂತು ತಯಾರಿಸಿಕೊಂಡದ್ದು.

ವಾಚು ಒಮೆಗಾ ಸ್ಪೀಡ್‌ಮಾಸ್ಟರ್. ಚಂದ್ರನ ಮೇಲೆ ಹೋದ ವಾಚು ಅನ್ನುತ್ತಾರಲ್ಲ, ಅದು. ನಾಸಾದವರು ಒಂದಷ್ಟು ಕಂಪನಿಗಳ ವಾಚುಗಳನ್ನು ಕಾಯಿಸಿ, ಕೊರೆಯುವ ಚಳಿಗೆ ಹಾಕಿ, ಕುಲುಕಿ, ಕುಕ್ಕಿ ನೋಡಿ 1965ರಲ್ಲಿ ಇದನ್ನು ಒಪ್ಪಿಕೊಂಡರು. 1969ರಲ್ಲಿ ಚಂದ್ರನ ಮೇಲಿಳಿದ ಆರ್ಮ್‌ಸ್ಟ್ರಾಂಗ್ ತನ್ನದನ್ನು ನೌಕೆಯಲ್ಲೇ ಬಿಟ್ಟಿದ್ದ, ಕಟ್ಟಿಕೊಂಡು ಓಡಾಡಿದವನು ಆಲ್ಡ್ರಿನ್. ಮರುವರ್ಷ ಅಪೋಲೊ 13 ಕೆಟ್ಟು ಚಂದ್ರನ ಮೇಲಿಳಿಯದೆ ಹಿಂತಿರುಗಬೇಕಾದಾಗ ದಾರಿ ತಿದ್ದಿಕೊಳ್ಳಲು ಎಂಜಿನ್ನನ್ನು 14 ಸೆಕೆಂಡು ಉರಿಸಬೇಕಿತ್ತು. ಆ 14 ಸೆಕೆಂಡನ್ನು ಎಣಿಸಿದ್ದು ಈ ವಾಚಿನಲ್ಲಿ. ನನ್ನ ಬದುಕಿನಲ್ಲಿ ಇದರಿಂದ ಎಣಿಸಬಹುದಾದದ್ದು ಅಂದರೆ ಕುಕ್ಕರಿನ ಎರಡನೇ ವಿಸಲ್ಲಿಗೂ ಮೂರನೇ ವಿಸಲ್ಲಿಗೂ ನಡುವಿನ ಅಂತರ. ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವನು. ನನ್ನ ಮುಂದೆ ಸದಾ ಎರಡು ಪರದೆ, ಒಂದು ಫೋನು ಇರುತ್ತವೆ, ಮೂರರಲ್ಲೂ ಮೂಲೆಯಲ್ಲಿ ಗಂಟೆ ಬರುತ್ತದೆ, ಅದೂ ಸರಿಯಾದ ಗಂಟೆ.

ಮೊದಲನೆಯ ಸಮರ್ಥನೆ ದಿನಗಣನೆಯದು. 30 ವರ್ಷ ಕಟ್ಟುತ್ತೇನೆ ಅಂದುಕೊಂಡರೆ ಹತ್ತಿರ ಹತ್ತಿರ 11 ಸಾವಿರ ದಿನ, ದಿನಕ್ಕೆ 66 ರೂಪಾಯಿ. ದರ್ಶಿನಿಯಲ್ಲಿ ಮೂರು ಕಾಫಿ ಕುಡಿದ ಹಾಗೆ. ಇದನ್ನು ಎಕ್ಸೆಲ್ ಹಾಳೆಯಲ್ಲಿ ಚೆಂದವಾಗಿ ಹಾಕಿ ಹೆಂಡತಿಗೆ ತೋರಿಸಿದೆ. ಅವಳು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವವಳು. ಇಂಥ ಹಾಳೆಗಳನ್ನು ದಿನಕ್ಕೆ ಹತ್ತು ಓದುತ್ತಾಳೆ. ಕನ್ನಡಕ ಏರಿಸಿ ಒಂದು ನಿಮಿಷ ನೋಡಿ, "ಸರ್ವಿಸ್ ಖರ್ಚು ಎಲ್ಲಿ?" ಅಂದಳು. ಐದಾರು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಬೇಕು, ಪ್ರತಿಸಲ ಅರ್ಧ ಲಕ್ಷದ ಮೇಲೇ ಬೀಳುತ್ತದೆ. ಗೊತ್ತಿದ್ದೇ ಬಿಟ್ಟಿದ್ದೆ. "ಮನೇಲಿ ಇನ್ನೂ ಮೂರು ವಾಚಿದೆ. ಅವನ್ನ ಯಾವ ಕೈಗೆ ಕಟ್ತೀಯ?" ಎಂದು ಎರಡನೆಯ ಪ್ರಶ್ನೆ. ಅಲ್ಲಿಗೆ ಎಕ್ಸೆಲ್ ಮುಚ್ಚಿದೆ.

ಎರಡನೆಯದು ಹೂಡಿಕೆ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಹರಾಜಿನಲ್ಲಿ ಒಂದೂಮುಕ್ಕಾಲು ಕೋಟಿ ಡಾಲರಿಗೂ ಮೇಲೆ ಹೋಯಿತು ಅಂದೆ. "ನೀನು ಪಾಲ್ ನ್ಯೂಮನ್ನಾ?" ಅಂದಳು. ನಿಜ ಹೇಳಬೇಕೆಂದರೆ ಸ್ಪೀಡ್‌ಮಾಸ್ಟರ್ ಅಂಗಡಿಯ ಬಾಗಿಲು ದಾಟಿದ ಗಳಿಗೆಯಲ್ಲೇ ಬೆಲೆ ಕಳೆದುಕೊಳ್ಳುವ ಪೈಕಿ. ಅದೇ ದುಡ್ಡಿಗೆ ಚಿನ್ನ ಕೊಂಡಿದ್ದರೆ ಎಂದು ಅವಳು ಮುಂದೆ ಹೇಳಲಿಲ್ಲ. ಹೇಳದೆ ಇರುವುದೂ ಒಂದು ವಿಧಾನ.

ಮೂರನೆಯದು ಮಗಳಿಗಾಗಿ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ವಸ್ತು ಇತ್ಯಾದಿ. ಇದನ್ನು ಸ್ವಿಸ್ ಕಂಪನಿಗಳ ಜಾಹೀರಾತಿನವರು ನಮ್ಮಂಥವರಿಗೆಂದೇ ಹೊಸೆದು ಕೊಟ್ಟಿದ್ದಾರೆ: ನಿಮಗಾಗಿ ಅಲ್ಲ ಸ್ವಾಮಿ, ಮಕ್ಕಳಿಗಾಗಿ ಎಂದರೆ ದುರಾಸೆಯೂ ತ್ಯಾಗದ ಹಾಗೆ ಕಾಣುತ್ತದೆ. ಮಗಳಿಗೆ ಹದಿನೈದು. ಅವಳ ವಾಚು ಹೆಜ್ಜೆ ಎಣಿಸುತ್ತದೆ, ನಿದ್ದೆ ಅಳೆಯುತ್ತದೆ, ಮೆಸೇಜು ತೋರಿಸುತ್ತದೆ. "ಅಪ್ಪಾ, ಇದಕ್ಕೆ ದಿನಾ ಕೀ ಕೊಡಬೇಕಾ? ಅಂದ್ರೆ ಕೈಯಲ್ಲಿ ಚಾರ್ಜ್ ಮಾಡೋದಾ?" ಎಂದಳು ಪಾಪ.

ಉಳಿದದ್ದು ನಾಲ್ಕನೆಯದು. ಅದನ್ನು ನಾನು ಮನಸಾರೆ ನಂಬಿದ್ದೆ, ಹಾಗಾಗಿ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದೆ. ಇದು ಕೈಕೆಲಸಕ್ಕೆ ಕೊಡುವ ಬೆಲೆ. ನಾನು ದುಡ್ಡು ಕೊಡುತ್ತಿರುವುದು ಹೆಸರಿಗಲ್ಲ, ಮೇಜಿಗೆ ಬಾಗಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿಯುವ ಒಬ್ಬ ಮನುಷ್ಯನಿಗೆ.

ನನಗೆ ಈ ಚಿತ್ರ ಎಲ್ಲಿಂದ ಬಂತು ಎಂದು ಹುಡುಕಬೇಕಿಲ್ಲ. ನಮ್ಮಮ್ಮ 1974ರಿಂದ 2000ದವರೆಗೆ ಎಚ್‌ಎಂಟಿ ವಾಚು ಕಾರ್ಖಾನೆಯಲ್ಲಿ ಕೂತು ಮಾಡಿದ್ದು ಇದೇ ಕೆಲಸ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಅಮ್ಮ ಸೇರುವ ಹೊತ್ತಿಗೆ ಎಚ್‌ಎಂಟಿ ವಾಚು ಸಿಗುವುದೇ ಕಷ್ಟ. ಹೆಸರು ಬರೆಸಿ ಕಾಯಬೇಕು, ಮದುವೆ ಮಾತುಕತೆಯಲ್ಲಿ ವರನ ಕಡೆಯವರು ಸೈಕಲ್ಲು, ರೇಡಿಯೊ ಜೊತೆಗೆ ಅದನ್ನೂ ಕೇಳುವರು. ನೆಂಟರಿಷ್ಟರೆಲ್ಲ ಅಮ್ಮನ ಬೆನ್ನು ಬಿದ್ದು ಒಂದು ಸೋನಾ ಕೊಡಿಸು, ಒಂದು ಪೈಲಟ್ ಕೊಡಿಸು ಎಂದು ಪೀಡಿಸುತ್ತಿದ್ದುದು ನನಗೆ ನೆನಪಿದೆ. ಅಮ್ಮನದು ಹೇರ್ ಸ್ಪ್ರಿಂಗ್ ವಿಭಾಗ. ಅತ್ತಿತ್ತ ತೂಗುತ್ತ ವಾಚಿನ ಬಡಿತ ಕಾಯುವ ಬ್ಯಾಲೆನ್ಸ್ ಚಕ್ರದ ಮೇಲೆ ಕೂರುವ ಆ ಸುರುಳಿ ಒಂದಿಷ್ಟು ವಾರೆಯಾದರೂ ವಾಚು ಹಿಂದೆ ಬೀಳುತ್ತದೆ ಅಥವಾ ಮುಂದೋಡುತ್ತದೆ. ಚಿಮುಟದ ತುದಿಯಲ್ಲಿ ಅದನ್ನು ಎಲ್ಲಿ ಎಷ್ಟು ಬಗ್ಗಿಸಬೇಕು ಅನ್ನುವುದು ಕೈಗೆ ಗೊತ್ತಿರಬೇಕು, ತಲೆಗೆ ಗೊತ್ತಿದ್ದರೆ ಸಾಲದು ಅನ್ನುತ್ತಿದ್ದಳು. ಕೆಲಸ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು, ಈಗಲೂ ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಹೆಬ್ಬೆರಳು ತೋರುಬೆರಳು ಎರಡೇ ಮಾತಾಡುತ್ತವೆ, ಉಳಿದ ಮೂರು ಮಡಿಚಿಕೊಂಡಿರುತ್ತವೆ.

ವಿದ್ಯಾರಣ್ಯಪುರದ ಮನೆ ತಲುಪಿದಾಗ ಸಂಜೆ ಐದೂವರೆ. ಅಮ್ಮ ಕಾಫಿಗೆ ಇಟ್ಟಳು. ತೋಳಿನ ಗುಂಡಿ ಬಿಚ್ಚಿ ಕೈ ಚಾಚಿದೆ. ಬೆಲೆ ಕೇಳುತ್ತಾಳೆ ಎಂದು ಕಾದೆ, ಕೇಳಲಿಲ್ಲ. ಕೈ ಒರೆಸಿಕೊಂಡು ಬಂದು, ವಾಚು ಬಿಚ್ಚಿಸಿಕೊಂಡು, ಮೊದಲು ಕಿವಿಗೆ ಹಿಡಿದಳು. ಕಣ್ಣು ಮುಚ್ಚಿ ಒಂದೆರಡು ಕ್ಷಣ.

"ಇದು ನಮ್ಮದಕ್ಕಿಂತ ಜೋರಾಗಿ ಹೋಗ್ತಿದೆಯಲ್ಲೋ."

ನನ್ನ ಮೈ ಜುಮ್ಮೆಂದಿತು. ಹೌದು, ಎಚ್‌ಎಂಟಿಯ ಜನತಾ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. ಸ್ಪೀಡ್‌ಮಾಸ್ಟರಿನದು 21,600, ಸೆಕೆಂಡಿಗೆ ಆರು. ಐದಕ್ಕೂ ಆರಕ್ಕೂ ಇರುವ ವ್ಯತ್ಯಾಸವನ್ನು ನಾನು ಯೂಟ್ಯೂಬಿನಲ್ಲಿ ನೋಡಿ ತಿಳಿದವನು. ಎಪ್ಪತ್ತು ದಾಟಿದ ಹೆಂಗಸು ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ ಅನ್ನುವವಳು, ಇದನ್ನು ಕೇಳಿಸಿಕೊಂಡಳು.

"ಎಷ್ಟು ಜ್ಯುವೆಲ್ಲು?" ಒಳಗಿನ ಚಕ್ರಗಳು ಸವೆಯದೆ ತಿರುಗಲೆಂದು ಕೂರಿಸುವ ಪುಟ್ಟ ಕಲ್ಲುಗಳ ಲೆಕ್ಕ ಅದು.

"ಇಪ್ಪತ್ತಾರು."

"ನಮ್ಮದು ಹದಿನೇಳು. ಇದರಲ್ಲಿ ಸ್ಟಾಪ್‌ವಾಚ್ ಇದೆ, ಬೇಕಾಗತ್ತೆ ಬಿಡು" ಎಂದು ಒಳಗೆ ಹೋಗಿ ಬೀರುವಿನಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ತನ್ನ ಹಳೆಯ ಭೂತಗನ್ನಡಿ, ಐಗ್ಲಾಸ್, ತಂದಳು. ನಾನು ಕೊಂಡದ್ದು ಹಿಂಬದಿಗೂ ಗಾಜಿರುವ ಮಾದರಿ, ಒಳಗಿನ ಯಂತ್ರವೆಲ್ಲ ಕಾಣುತ್ತದೆ. ಅದಕ್ಕೆ ಬೇರೆಯದಕ್ಕಿಂತ ಒಂದಷ್ಟು ಹೆಚ್ಚು ಕೊಟ್ಟಿದ್ದೆ. ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದು ನೋಡಿದಳು, ನೋಡೇ ನೋಡಿದಳು. ಕಾಫಿ ಉಕ್ಕಿತು. ನಾನೇ ಹೋಗಿ ಆರಿಸಿ ಬಂದೆ.

"ಅಂಚುಗಳನ್ನ ಚೆನ್ನಾಗಿ ಇಳಿಸಿದಾರೆ. ಪಾಲಿಷೂ ನೀಟಾಗಿದೆ."

"ಕೈಯಲ್ಲಿ ಮಾಡಿರೋದಮ್ಮ" ಎಂದೆ. ಇದೇ ನನ್ನ ನಾಲ್ಕನೆಯ ಸಮರ್ಥನೆ, ಸರಿಯಾದ ನ್ಯಾಯಾಧೀಶರ ಮುಂದೆ ಬಂದಿತ್ತು.

"ಕೈಯಲ್ಲ, ಮಿಷಿನ್ನು. ಎಲ್ಲಾ ಕಡೆ ಒಂದೇ ಸಮ ಇದೆ ನೋಡು. ಕೈಯಲ್ಲಿ ಮಾಡಿದ್ರೆ ಮೂಲೆ ತಿರುಗೋ ಕಡೆ ಗೊತ್ತಾಗತ್ತೆ." ಬೇಸರವಿಲ್ಲದೆ, ಉಪ್ಪು ಸ್ವಲ್ಪ ಮುಂದಾಗಿದೆ ಅನ್ನುವ ಧಾಟಿಯಲ್ಲಿ ಹೇಳಿದಳು. ಆಮೇಲೆ, "ಹೇರ್ ಸ್ಪ್ರಿಂಗ್ ಬಣ್ಣ ಯಾಕೆ ಬೇರೆ ಥರ ಇದೆ?"

ಸಿಲಿಕಾನ್ ಎಂದೆ. ಅಯಸ್ಕಾಂತ ಹತ್ತಿರ ತಂದರೂ ಇದಕ್ಕೆ ಏನೂ ಆಗುವುದಿಲ್ಲ ಎಂದು ಹೆಮ್ಮೆಯಿಂದ ವಿವರಿಸಿದೆ. ಅಮ್ಮ ಐಗ್ಲಾಸ್ ತೆಗೆದಳು.

"ಸಿಲಿಕಾನಾ? ಹಾಗಿದ್ರೆ ಬಗ್ಗಿಸಕ್ಕಾಗಲ್ವಲ್ಲ. ಮುರಿಯತ್ತೆ."

"ಬಗ್ಗಿಸೋ ಅವಶ್ಯಕತೆನೇ ಇಲ್ಲ ಅಮ್ಮ, ತಯಾರಾಗೋವಾಗಲೇ ಸರಿಯಾಗಿರತ್ತೆ."

"ಓ" ಎಂದಳು. ತುಸು ಹೊತ್ತಿನ ಮೇಲೆ, "ಹಾಗಿದ್ರೆ ನನ್ನ ಸೀಟಲ್ಲಿ ಈಗ ಯಾರೂ ಕೂತಿಲ್ಲ ಅನ್ನು."

ನನ್ನ ನಾಲ್ಕನೆಯ ಸಮರ್ಥನೆಯ ಗತಿ ಅಲ್ಲಿಗೆ ಮುಗಿಯಿತು. ಇನ್ನೂ ಒಂದು ಮಾತು ಅವಳು ಹೇಳದೆ ನನಗೇ ಹೊಳೆಯಿತು. ಕೈಕೆಲಸಕ್ಕೇ ಈ ಬೆಲೆ ಎನ್ನುವುದಾದರೆ, ನಿಜವಾಗಿ ಕೈಯಲ್ಲಿ ಸುರುಳಿ ತಿದ್ದಿದ ಅಮ್ಮನ ವಾಚುಗಳು ಗುಮಾಸ್ತರು, ಮೇಷ್ಟ್ರುಗಳು ಒಂದು ತಿಂಗಳ ಸಂಬಳದೊಳಗೆ ಕೊಳ್ಳುವ ಹಾಗಿದ್ದವಲ್ಲ. ಅದರ ಹೆಸರೇ ಜನತಾ. ಬೆರಳು, ಚಿಮುಟ, ಕಣ್ಣು, ಎಲ್ಲ ಅವೇ. ಮಧ್ಯದ ಅಂತರಕ್ಕೆಲ್ಲ ನಾನು ದುಡ್ಡು ಕೊಟ್ಟದ್ದು ಚಂದ್ರನಿಗೆ, ಮತ್ತು ಎಂಟು ತಿಂಗಳ ಹಿಂದೆ ಒಂದು ಮೀಟಿಂಗಿನಲ್ಲಿ ಎದುರು ಕೂತವನ ಮಣಿಕಟ್ಟು ಕಂಡು ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತಲ್ಲ, ಅದಕ್ಕೆ.

ಕಾಫಿ ಕುಡಿಯುತ್ತ ಅಮ್ಮ ಹಳೆಯದಕ್ಕೆ ಹೋದಳು. 2016ರ ಸುದ್ದಿ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ವಾಚಿನ ಬೆಲೆಯ ಮೇಲೆ ದೊಡ್ಡ ಗಲಾಟೆಯೆದ್ದು, ಸ್ನೇಹಿತರು ಕೊಟ್ಟ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ಸರ್ಕಾರದ ಸ್ವತ್ತೆಂದು ಒಪ್ಪಿಸಿದರು. ಟೀವಿಯಲ್ಲಿ ವಾರಗಟ್ಟಲೆ ಅದೇ. "ಅದೇ ವರ್ಷ ಜನವರೀಲಿ ನಮ್ಮ ಎಚ್‌ಎಂಟಿ ವಾಚು ಕಂಪನಿ ಮುಚ್ಚೋದು ಅಂತ ದಿಲ್ಲೀಲಿ ತೀರ್ಮಾನ ಆಯ್ತು. ಅದಕ್ಕೆ ಟೀವೀಲಿ ಎರಡು ನಿಮಿಷ" ಎಂದಳು. ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚು ಬಂದಾಗಲೇ ತಮ್ಮ ಕತೆ ಮುಗಿದಿತ್ತು ಎಂದೂ ಅವಳೇ ಸೇರಿಸಿದಳು. ಪೈಪೋಟಿಗಿಳಿದ ಟೈಟನ್ ಹೊಸ ಕಾಲ ಹಿಡಿದರೆ ತಮ್ಮವರು ಕೀಲಿ ಕೊಡುವ ವಾಚು ಬಿಡಲಿಲ್ಲ. ಕೀಲಿಯ ಗಡಿಯಾರ ಮಾಡಿದ ಹೆಂಗಸು ಅದನ್ನೇ ತಪ್ಪು ಎನ್ನುತ್ತಿದ್ದಳು; ನಾನು ಕೀಲಿಗೆಂದೇ ಏಳು ಲಕ್ಷ ಕೊಟ್ಟು ಬಂದು ಕೂತಿದ್ದೆ.

ಕಪ್ಪು ಇಟ್ಟು, ಕೊನೆಗೂ ಕೇಳಿದಳು. "ಎಷ್ಟಾಯ್ತು?"

"ಮೂವತ್ತು ಸಾವಿರ."

ಅಮ್ಮ ನನ್ನ ಮುಖ ನೋಡಲಿಲ್ಲ, ವಾಚಿನ ಬೆನ್ನು ನೋಡಿದಳು. "ಮೂವತ್ತಕ್ಕೆ ಈ ಸ್ಕ್ರೂಗಳನ್ನೂ ಕೊಡಲ್ಲ" ಎಂದಳು. ಅಷ್ಟೇ. ನಿಜ ಎಷ್ಟು ಎಂದು ಮತ್ತೆ ಕೇಳಲೂ ಇಲ್ಲ. ಬಚ್ಚಿಟ್ಟುಕೊಂಡ ಲೆಕ್ಕದ ಹಾಳೆಗಳೆಲ್ಲ ತಲೆಯೊಳಗೇ ಕೊಳೆತವು. ಮಂಗಳವಾರದವರೆಗೆ ಬಿಟ್ಟುಹೋಗು, ದಿನಕ್ಕೆ ಎಷ್ಟು ಸೆಕೆಂಡು ತಪ್ಪತ್ತೆ ನೋಡಬೇಕು ಅಂದಳು. ಕೊಟ್ಟೆ. ಕೊಳ್ಳುವಾಗ ಎಂಟು ತಿಂಗಳು ಕಾದವನು ಒಂದೂವರೆ ಗಂಟೆಯೂ ಪೂರ್ತಿ ಕಟ್ಟಲಿಲ್ಲ. ವಾಪಸು ಬರುವಾಗ ಮೆಟ್ರೋದಲ್ಲಿ ತೋಳು ಮಡಿಸಿಕೊಂಡು ಆರಾಮವಾಗಿ ಕಂಬ ಹಿಡಿದು ನಿಂತಿದ್ದೆ.

ಭಾನುವಾರ ಸಂಜೆ ಫೋನು. "ನಿಂದು ಮೂರು ಸೆಕೆಂಡ್ ಮುಂದೆ. ನಂದು ಇಪ್ಪತ್ತೆರಡು ಹಿಂದೆ." ಸೋಮವಾರ: "ಇವತ್ತೂ ಮೂರೇ. ಪರವಾಗಿಲ್ಲ ಕಣೋ, ಒಳ್ಳೇ ಮೂವ್‌ಮೆಂಟು." ನಾನು ಆರು ವಿಮರ್ಶೆ ಓದಿ ಹದಿನಾಲ್ಕು ವಿಡಿಯೊ ನೋಡಿದ್ದೆ; ಯಾವುದೂ ಇಷ್ಟು ಖುಷಿ ಕೊಟ್ಟಿರಲಿಲ್ಲ.

ಮಂಗಳವಾರ ಆಫೀಸು ಮುಗಿಸಿ ಹೋದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲ್ಲಿನಲ್ಲಿ +3, +3, +2 ಎಂದು ಬರೆದಿತ್ತು. ವಾಚು ಸ್ಟೀಲಿನ ಡಬ್ಬಿಯಲ್ಲಿ, ಮೆತ್ತನೆಯ ಪಂಚೆ ತುಂಡಿನ ಮೇಲೆ ಮಲಗಿತ್ತು, ಪಕ್ಕದಲ್ಲಿ ಅವಳ ಜನತಾ. ಡಬ್ಬಿ ಕೈಗಿಟ್ಟು, ಸೊಂಟದ ಚೀಲದಿಂದ ಎರಡು ನೂರರ ನೋಟು ತೆಗೆದು ನನ್ನ ಜೇಬಿಗೆ ತುರುಕಿದಳು.

"ಇದ್ಯಾಕಮ್ಮ?"

"ನಿನ್ನ ಹೆಂಡ್ತಿ ಫೋನ್ ಮಾಡಿದ್ಲು. ದಿನಕ್ಕೆ ಅರವತ್ತಾರಂತೆ. ನಾನು ಮೂರು ದಿನ ಇಟ್ಕೊಂಡಿದ್ದೆ" ಎಂದು ಅಂಗೈ ಚಾಚಿದಳು. "ಎರಡು ರೂಪಾಯಿ ಚಿಲ್ಲರೆ ಕೊಡು."

ನಾನು ಜೇಬು ತಡಕಾಡಿದೆ. ಇರಲಿಲ್ಲ.